ಶುದ್ಧ ಪ್ರತಿ

ಅಂಗಿಯ ಎಡತೋಳಿನ ಮೇಲೆ ನೀರು ಚಿಮುಕಿಸಿ ಅಕ್ಕ ಇಸ್ತ್ರಿಪೆಟ್ಟಿಗೆ ಎತ್ತಿಕೊಂಡಳು. ಅಷ್ಟರಲ್ಲಿ ಯಾರೋ ಬಾಗಿಲು ತಟ್ಟಿದರು. ತಟ್ಟಲಿ, ಕಾಯಲಿ. ನಲವತ್ತು ವರ್ಷ ಆಸ್ಪತ್ರೆಯ ಲಾಂಡ್ರಿಯಲ್ಲಿ ಇಸ್ತ್ರಿ ಹಾಕಿದವಳು, ತೋಳನ್ನು ಅರ್ಧಕ್ಕೆ ಬಿಟ್ಟು ಎದ್ದವಳಲ್ಲ. ಅದೂ ಇದು ತಂಗಿಯ ಬೂದು ಅಂಗಿ. ಬದುಕಿದ್ದಾಗ ಅಕ್ಕ ಎಷ್ಟು ಚೆನ್ನಾಗಿ ಇಸ್ತ್ರಿ ಮಾಡಿಕೊಟ್ಟರೂ ಹತ್ತು ನಿಮಿಷದಲ್ಲಿ ಮುದ್ದೆ ಮಾಡಿಕೊಂಡು ಕೂತು ಬರೆಯುತ್ತಿದ್ದಳು ಮಹಾರಾಯ್ತಿ. ಇವತ್ತೊಂದು ದಿನ ಹಾಗೆ ಮಾಡುವಂತಿಲ್ಲ.

ಬಾಗಿಲಲ್ಲಿದ್ದವರು ತತ್ವಶಾಸ್ತ್ರ ವಿಭಾಗದ ಮುಖ್ಯಸ್ಥೆ. ಕಪ್ಪು ಕೋಟು ಹಾಕಿಕೊಂಡು, ಎದೆಗೊಂದು ಫೈಲು ಅವುಚಿಕೊಂಡಿದ್ದರು. ತಂಗಿಯ ಜೊತೆ ಇಪ್ಪತ್ತು ವರ್ಷ ಕೆಲಸ ಮಾಡಿದವರು. ಈ ಮನೆಯೊಳಗೆ ಕಾಲಿಟ್ಟದ್ದು ಇದೇ ಮೊದಲು.

"ಇಂಥ ಹೊತ್ತಲ್ಲಿ ಕೇಳಬಾರದು. ಬೇರೆ ದಾರಿ ಇಲ್ಲ. ಮೇಡಂ ಆಸ್ಪತ್ರೇಲಿ ಬರೆದಿದ್ದು ಇದು, ಹೊಸ ಪುಸ್ತಕದ ಕೊನೇ ಅಧ್ಯಾಯ. ನಾವು ಆರು ಜನ ಕೂತು ನೋಡಿದ್ವಿ. ಒಂದು ಸಾಲೂ ಓದೋಕಾಗ್ಲಿಲ್ಲ."

"ಆಗಲ್ಲ ಬಿಡಿ. ಅವಳದು ಕಾಗೆಕಾಲು ಗುಬ್ಬಿಕಾಲು. ಒಂದು ವಾರ ಬಿಟ್ಟರೆ ಅವಳಿಗೇ ಗೊತ್ತಾಗ್ತಿರಲಿಲ್ಲ."

"ನಿಮಗೆ?"

"ನನಗೆ ಗೊತ್ತಾಗುತ್ತೆ."

ಮುಖ್ಯಸ್ಥೆ ಉಸಿರು ಬಿಟ್ಟರು. "ಹಾಗಾದ್ರೆ ಇವತ್ತು ಸಭೇಲಿ ಕೊನೇ ಪುಟ ನೀವೇ ಓದ್ಬೇಕು. ಎಲ್ಲರೂ ಕಾಯ್ತಿದ್ದಾರೆ. ಆಮೇಲೆ ನಿಧಾನವಾಗಿ ಒಂದು ಶುದ್ಧ ಪ್ರತಿ ಮಾಡಿಕೊಡಿ, ಮೊದಲಿನ ಹಾಗೆ."

ಅವರು ಹೋದಮೇಲೆ ಅಕ್ಕ ಇಸ್ತ್ರಿಪೆಟ್ಟಿಗೆ ಆರಿಸಿ, ಕೈ ಒರೆಸಿಕೊಂಡು, ಫೈಲಿನ ಕೊನೆಯ ಪುಟ ತೆಗೆದಳು. ತಂಗಿ ಮೈಬಣ್ಣ, ಬಡತನ, ಹೆಣ್ಣುತನ ಈ ಮೂರೂ ಒಬ್ಬಳ ಮೇಲೆ ಒಟ್ಟಿಗೆ ಬಿದ್ದರೆ ಏನಾಗುತ್ತದೆ ಎಂದು ಮೂವತ್ತು ವರ್ಷ ಯೋಚಿಸಿದವಳು. ಐವತ್ತನಾಲ್ಕಕ್ಕೆ ಶ್ವಾಸಕೋಶ ಕೈಕೊಟ್ಟು ಮೊನ್ನೆ ಹೋದಳು. ಅವಳು ಬರೆದದ್ದರಲ್ಲಿ ಅರ್ಧ ಅಕ್ಕನಿಗೆ ಅರ್ಥವಾಗುತ್ತಿರಲಿಲ್ಲ. ಈ ಪುಟ ಅರ್ಥವಾಯಿತು.

'ಆ ಹೆಂಗಸನ್ನು ಬಾಗಿಲಿನವನು ತಡೆಯಲಿಲ್ಲ. ಅವನು ಕದ ಹಿಡಿದು ನಿಂತಿದ್ದ. ಹಿಂಬಾಗಿಲು ತೋರಿಸಿದ್ದು ನಾನು. ಅವಳು ನನ್ನ ಅಕ್ಕ.'

ಅಕ್ಕ ನಾಲ್ಕು ಸಲ ಓದಿದಳು. "ಬರೆದೇಬಿಟ್ಯಲ್ಲೇ ಹುಚ್ಚಿ," ಎಂದಳು, ಗಟ್ಟಿಯಾಗಿಯೇ. ತಂಗಿಯ ಹೆಣ ಪೆಟ್ಟಿಗೆಯಲ್ಲಿ ಕಾಯುತ್ತಿರುವ ದಿನ ಇಂಥ ಸಂತೋಷ ಆಗಬಾರದು. ಆಯಿತು. ಅವಳು ಕುರ್ಚಿಯ ಮೇಲೆ ಕುಸಿದು ಬಾಯಿಗೆ ಅಂಗಿಯ ತುದಿ ಒತ್ತಿಕೊಂಡು ಅತ್ತಳು. ಆಮೇಲೆ ಆ ತುದಿಯನ್ನು ಮತ್ತೆ ಇಸ್ತ್ರಿ ಮಾಡಬೇಕಾಯಿತು.

* * *

ಆಗ ತಂಗಿಗೆ ಹದಿನೆಂಟು, ಅಕ್ಕನಿಗೆ ಇಪ್ಪತ್ತನಾಲ್ಕು. ಅಮ್ಮನ ಸೊಂಟ ಬಿದ್ದುಹೋದ ವರ್ಷ ಅಕ್ಕ ಎಂಟನೇ ಕ್ಲಾಸಿಗೆ ಶರಣು ಹೊಡೆದು ಲಾಂಡ್ರಿ ಸೇರಿದ್ದಳು. ತಂಗಿ ಓದಿದಳು. ಊರಿನ ಆ ದೊಡ್ಡ ಕಾಲೇಜಿನಲ್ಲಿ ಆಗ ಅವರ ಬಣ್ಣದವರು ಇದ್ದದ್ದು ಇಬ್ಬರೇ. ಒಳಗೆ ತಂಗಿ, ಬಾಗಿಲಲ್ಲಿ ಬಾಗಿಲಿನವನು.

ಮೊದಲ ಪರೀಕ್ಷೆಯ ದಿನ ತಂಗಿ ಕನ್ನಡಕ ಮನೆಯಲ್ಲೇ ಮರೆತು ಹೋದಳು. ಕನ್ನಡಕವಿಲ್ಲದೆ ಅವಳಿಗೆ ಹಲಗೆ ಯಾವುದು ಗೋಡೆ ಯಾವುದು ಗೊತ್ತಾಗುತ್ತಿರಲಿಲ್ಲ. ಸುದ್ದಿ ತಿಳಿದು ಅಕ್ಕ ಪಾಳಿಯ ಮಧ್ಯದಲ್ಲೇ ಮನೆಗೆ ಓಡಿ, ಅಲ್ಲಿಂದ ಕಾಲೇಜಿಗೆ ಓಡಿದಳು. ಮೈಮೇಲೆ ಗಂಜಿಯ ವಾಸನೆಯ ನೀಲಿ ಕೋಟು, ಕೈಯಲ್ಲಿ ಇಸ್ತ್ರಿ ಸುಟ್ಟ ಕಲೆ. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ನಿಂತಾಗ ಬಾಗಿಲಿನವನು ಅವಳನ್ನು ಮೇಲಿಂದ ಕೆಳಗೆ ನೋಡಲಿಲ್ಲ. ಹಿತ್ತಾಳೆ ಹಿಡಿಗೆ ಎಡಗೈ ಹಾಕಿ, ಕದ ಎಳೆದು, ಪಕ್ಕಕ್ಕೆ ಸರಿದು, "ಬನ್ನಿ ತಾಯಿ, ಒಳಗೆ ಬನ್ನಿ," ಎಂದ.

ಒಳಗೆ ತಂಗಿ ಮೂವರು ಹೊಸ ಗೆಳತಿಯರ ಜೊತೆ ನಿಂತಿದ್ದಳು. ಅಕ್ಕನನ್ನು ಕಂಡಳು. ಕಂಡಳೋ, ಬಣ್ಣ ಮತ್ತು ಕೋಟು ಗುರುತು ಹಿಡಿದಳೋ. ಕೈಯನ್ನು ಸೊಂಟದ ಹತ್ತಿರ ಇಟ್ಟುಕೊಂಡೇ ಹಿಂದಕ್ಕೆ ಬೀಸಿದಳು. ಹಿಂದಿನಿಂದ ಬಾ.

"ಯಾರೇ ಅದು?" ಎಂದಳು ಒಬ್ಬ ಗೆಳತಿ.

"ನಮ್ಮನೆ ಬಟ್ಟೆ ತರೋಳು."

ಅಕ್ಕ ಮೆಟ್ಟಿಲಿಳಿದು ಗೋಡೆ ಬಳಸಿ ಹಿಂಬಾಗಿಲಿಗೆ ಹೋದಳು. ಬಕೆಟ್ಟು ಪೊರಕೆ ಇಡುವ ಕಡೆ ತಂಗಿ ಒಬ್ಬಳೇ ಬಂದು ಕನ್ನಡಕ ತೆಗೆದುಕೊಂಡಳು. ಪರೀಕ್ಷೆಯಲ್ಲಿ ತಂಗಿಗೆ ಮೊದಲ ಸ್ಥಾನ ಬಂತು.

* * *

ಪೆಟ್ಟಿಗೆ ಹೊತ್ತ ವಾಹನ ಕಾಲೇಜಿನ ಮುಂಬಾಗಿಲಿಗೆ ಬಂದು ನಿಂತಿತು. ಎಲ್ಲರೂ ಅತ್ತ ನೋಡುತ್ತಿದ್ದಾಗ ಅಕ್ಕ ಇಳಿದು, ಯಾರೂ ಹೇಳದಿದ್ದರೂ, ಗೋಡೆ ಬಳಸಿ ಹಿಂದಕ್ಕೆ ಹೋದಳು. ಮೂವತ್ತಾರು ವರ್ಷದಿಂದ ಅವಳ ಕಾಲಿಗೆ ಗೊತ್ತಿದ್ದದ್ದು ಅದೊಂದೇ ದಾರಿ. ತಂಗಿ ಪ್ರೊಫೆಸರ್ ಆದಮೇಲೂ ಅಷ್ಟೇ. ಎಷ್ಟೋ ಸಲ ತಂಗಿಯೇ, "ಅಕ್ಕಾ, ಮುಂದಿನಿಂದ ಬಾರೇ, ನಿನ್ನ ಕಾಲಿಗೆ ಬೀಳ್ತೀನಿ," ಎಂದಿದ್ದಳು. ಅಕ್ಕ, "ಇದೇ ಹತ್ರ," ಎನ್ನುತ್ತಿದ್ದಳು. ಹತ್ತಿರವೇನೂ ಇರಲಿಲ್ಲ.

ಹಿಂಬಾಗಿಲಿನ ಮೆಟ್ಟಿಲ ಮೇಲೆ ಒಬ್ಬ ಮುದುಕ ಕೂತಿದ್ದ. ಕತ್ತಿನವರೆಗೆ ಗುಂಡಿ ಹಾಕಿದ ಹಳೆಯ ಅಂಗಿ, ಮೊಣಕಾಲ ಮೇಲೆ ಟೊಪ್ಪಿ. ಅಕ್ಕ ತಕ್ಷಣ ಗುರುತು ಹಿಡಿದಳು. ಅವನಿಗೆ ಅಂದಿನ ನೀಲಿ ಕೋಟಿನವಳ ಗುರುತು ಹತ್ತಲಿಲ್ಲ.

"ನೀವು ಮೇಡಂ ಅವರ ಅಕ್ಕ ಅಲ್ವಾ ತಾಯಿ? ನಾನು ಇಲ್ಲಿ ಬಾಗಿಲು ಕಾಯ್ತಿದ್ದೋನು. ರಿಟೈರ್ ಆಗಿ ಎಂಟು ವರ್ಷ ಆಯ್ತು."

"ಇಲ್ಲಿ ಯಾಕೆ ಕೂತಿದ್ದೀರಿ? ಒಳಗೆ ಹೋಗಿ."

"ಯಾವ ಮುಖ ಇಟ್ಕೊಂಡು ಹೋಗ್ಲಿ? ಮೇಡಂ ಪುಸ್ತಕದಲ್ಲಿ ಬರೋ ಬಾಗಿಲಿನವನು ನಾನೇ." ಅವನು ಟೊಪ್ಪಿಯನ್ನು ತಿರುಗಿಸಿದ. "ಮೇಡಂ ನನ್ನ ಹೆಸರು ಹಾಕಿಲ್ಲ, ಪಾಪ, ಒಳ್ಳೇವ್ರು. ಆದ್ರೆ ಆ ಕಾಲದಲ್ಲಿ ಬಾಗಿಲಲ್ಲಿ ಇದ್ದೋನು ನಾನೊಬ್ಬನೇ ಅಲ್ವಾ? ಹುಡುಗರು ಲೆಕ್ಕ ಹಾಕ್ಬಿಟ್ರು. ನಮ್ಮೋನೇ ನಮ್ಮೋಳನ್ನ ತಡೆದ ಅಂತ ಗೋಡೆ ಮೇಲೆ ಬರೆದ್ರು. ನಾನು ಇಲ್ಲ ಅಂತ ಜಗಳಕ್ಕೆ ಹೋದೆ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅಂತ ನಕ್ಕರು."

ಅಕ್ಕ ಒಂದು ಮೆಟ್ಟಿಲು ಹತ್ತಿರ ಬಂದಳು. "ನೀವು ಹಾಗೆ ಮಾಡಿದ್ದು ನಿಮಗೆ ನೆನಪಿದ್ಯಾ?"

"ಅದೇ ಇಲ್ಲ ತಾಯಿ. ದಿನಕ್ಕೆ ಸಾವಿರ ಜನ. ಯಾವತ್ತೋ ಬೇಜಾರಲ್ಲಿ ಯಾರನ್ನೋ ಕಳಿಸಿರ್ಬೋದು. ನನ್ನ ಮಗಳು ಇಲ್ಲೇ ಓದಿದ್ಳು. ಒಂದಿನ ಪುಸ್ತಕ ತಂದು, ಅಪ್ಪ ಇದು ನೀನಾ ಅಂದ್ಳು. ಇಲ್ಲಮ್ಮ ಅಂದೆ. ಅವಳು ನಂಬಲಿಲ್ಲ. ಅವಳು ನಂಬದೇ ಇದ್ದಮೇಲೆ ನನಗೂ ನನ್ನ ಮೇಲೆ ಅನುಮಾನ ಬಂತು. ಅಷ್ಟು ಓದಿದೋರು ಪುಸ್ತಕದಲ್ಲಿ ಸುಳ್ಳು ಬರೀತಾರಾ?" ಅವನು ತಲೆ ಎತ್ತಿದ. "ಆ ಹೆಂಗಸು ಯಾರು ಅಂತ ನಿಮಗೇನಾದ್ರೂ ಹೇಳಿದ್ರಾ ಮೇಡಂ? ಬದುಕಿದ್ರೆ ಒಂದು ಸಲ ಕಾಲು ಹಿಡೀಬೇಕು. ಅದಕ್ಕೇ ಬಂದೆ."

ಅಕ್ಕ ಫೈಲನ್ನು ಎದೆಗೆ ಒತ್ತಿಕೊಂಡಳು. ಒಳಗಿದ್ದ ನಾಲ್ಕು ಸಾಲು ಇವನಿಗೆ ಇಲ್ಲೇ ಓದಿಬಿಡೋಣ ಎನಿಸಿತು. ಬೇಡ, ಎಲ್ಲರ ಮುಂದೆ ಆಗಲಿ. ಇವನ ಬಗ್ಗೆ ಗೋಡೆಯ ಮೇಲೆ ಬರೆದವರ ಮುಂದೆಯೇ ಆಗಲಿ.

"ಒಳಗೆ ಬಂದು ಕೂತ್ಕೊಳಿ," ಎಂದಳು. "ಕೊನೇಲಿ ನಾನೊಂದು ಪುಟ ಓದ್ತೀನಿ. ಕಿವಿ ಕೊಟ್ಟು ಕೇಳಿ. ನಿಮಗೆ ಎಲ್ಲ ಗೊತ್ತಾಗುತ್ತೆ."

* * *

ಮೊದಲ ಪುಸ್ತಕದ ಕಾಲಕ್ಕೆ ತಂಗಿಯ ಬರಹವನ್ನು ಅಚ್ಚಿನ ಮನೆಯವರು ವಾಪಸು ಕಳಿಸಿದ್ದರು, ಓದಲು ಬರುವುದಿಲ್ಲ ಎಂದು. ಅಕ್ಕನ ಅಕ್ಷರ ಮುತ್ತು ಪೋಣಿಸಿದ ಹಾಗೆ. ಕೆಲಸ ಮುಗಿಸಿ ಬಂದು, ಅಡುಗೆಮನೆಯ ಮೇಜಿನ ಮೇಲೆ ದಿನಕ್ಕೆ ನಾಲ್ಕು ಪುಟ ಶುದ್ಧ ಪ್ರತಿ ಮಾಡಿದಳು. ನೂರಾ ಹನ್ನೊಂದನೇ ಪುಟಕ್ಕೆ ಬಂದಾಗ ಕೈ ನಿಂತಿತು.

'ಒಬ್ಬ ಹೆಂಗಸು ಕಾಲೇಜಿನ ಮುಂಬಾಗಿಲಿಗೆ ಬರುತ್ತಾಳೆ. ಬಾಗಿಲಿನವನು ಕದ ಮುಚ್ಚಿ ಹಿಂಬಾಗಿಲು ತೋರಿಸುತ್ತಾನೆ. ಅವಳು ಸದ್ದಿಲ್ಲದೆ ಹೋಗುತ್ತಾಳೆ. ಅವಳನ್ನು ತಡೆದದ್ದು ಅವಳ ಬಣ್ಣವೋ, ಅವಳ ನೀಲಿ ಕೋಟೋ, ಅವಳು ಹೆಣ್ಣೆಂಬುದೋ?'

"ಇದೇನೇ ಇದು? ಆ ಮನುಷ್ಯ ಪಾಪ ಏನು ಮಾಡಿದ್ದ?"

"ಅಕ್ಕಾ, ಅದು ಉದಾಹರಣೆ. ಉದಾಹರಣೆಗೆ ಯಾರಾದ್ರೇನು?"

"ಯಾರಾದ್ರೇನು ಅಂದಮೇಲೆ ನೀನೇ ಆಗಬಹುದಿತ್ತಲ್ಲ."

ತಂಗಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. ಆಮೇಲೆ ಹೇಳಿದಳು: "ಬಾಗಿಲಿನವನ ಬಣ್ಣ ಯಾವ್ದು ಅಂತ ನಾನು ಬರೆದಿಲ್ಲ. ನಾನು ಅಂತ ಬರೆದ್ರೆ ಈ ಕಾಲೇಜಿನ ದೊಡ್ಡೋರು ಪುಸ್ತಕ ಅಲ್ಲಿಗೇ ಮುಚ್ಚಿಡ್ತಾರೆ. ನೋಡಿದ್ರಾ, ಆ ಜನಾನೇ ಹಾಗೆ, ಅವರವರೇ ಹಾಗೆ ಮಾಡ್ಕೋತಾರೆ, ನಮ್ಮದೇನೂ ಇಲ್ಲ ಅಂತಾರೆ. ಅವರಿಗೆ ತಪ್ಪಿಸಿಕೊಳ್ಳೋಕೆ ಅಷ್ಟು ಸಾಕು."

ಅದು ನೆಪವೂ ಹೌದು, ನಿಜವೂ ಹೌದು. ಅಕ್ಕ ಬರೆದಳು. ಆ ಸುಳ್ಳು ಅಚ್ಚಿನ ಮನೆಗೆ ಹೋದದ್ದು ಅಕ್ಕನ ಮುತ್ತಿನಂಥ ಅಕ್ಷರದಲ್ಲಿ. ಪುಸ್ತಕ ಮನೆಮಾತಾಯಿತು, ತಂಗಿ ದೊಡ್ಡವಳಾದಳು, ಆ ಪುಟ ಪರೀಕ್ಷೆಯ ಪ್ರಶ್ನೆಯಾಯಿತು. ಅಕ್ಕನಿಗೆ ಅದು ಬಾಯಿಪಾಠವಾಗಿತ್ತು.

ಕಳೆದ ತಿಂಗಳು ಆಸ್ಪತ್ರೆಯ ಹಾಸಿಗೆಯಲ್ಲಿ, ಅಕ್ಕನ ಲಾಂಡ್ರಿಯಿಂದಲೇ ಬಂದ ಹೊದಿಕೆಯ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ, ತಂಗಿ ಹೇಳಿದಳು: "ತಿದ್ದಿದ್ದೀನಿ ಅಕ್ಕಾ. ನಮ್ಮ ರಿಸರ್ಚ್ ಹುಡುಗಿ ಕೈಲಿ ಕೊಟ್ಟಿದ್ದೀನಿ. ನಿನ್ನ ಕೈಗೆ ಕೊಡೋ ಮುಖ ನನಗಿಲ್ಲ."

"ಸಾಕು, ಸುಮ್ಮನೆ ಮಲಕ್ಕೋ."

"ನೀನು ಕೋಪ ಆದ್ರೂ ಮಾಡ್ಕೋಬೇಕಿತ್ತು ಕಣೇ. ಒಂದೇ ಒಂದು ಸಲ."

* * *

ಸಭಾಂಗಣ ತುಂಬಿತ್ತು. ತೆರೆದ ಪೆಟ್ಟಿಗೆಯಲ್ಲಿ ತಂಗಿ, ಸುಕ್ಕಿಲ್ಲದ ತೋಳುಗಳು. ಅಕ್ಕನ ಪಕ್ಕದಲ್ಲಿ ತಂಗಿಯ ಕೈಕೆಳಗೆ ಸಂಶೋಧನೆ ಮಾಡುತ್ತಿದ್ದ ಹುಡುಗಿ, ಅವರದೇ ಬಣ್ಣದವಳು, ಅತ್ತೂ ಅತ್ತೂ ಮೂಗು ಊದಿಸಿಕೊಂಡಿದ್ದಳು. "ಆ ಬಾಗಿಲಿನ ಪುಟ ಓದಿಯೇ ನಾನು ಇಲ್ಲಿಗೆ ಬಂದಿದ್ದು ದೊಡ್ಡಮ್ಮ," ಎಂದು ಪಿಸುಗುಟ್ಟಿದಳು. "ಅಲ್ಲಿವರೆಗೂ ತಪ್ಪು ನನ್ನದೇ ಅಂದ್ಕೊಂಡಿದ್ದೆ."

ಮುಖ್ಯಸ್ಥೆ ಮಾತಾಡಿದರು. ಇನ್ನೂ ನಾಲ್ವರು, ಹುದ್ದೆಯ ಪ್ರಕಾರ, ದೊಡ್ಡವರಿಂದ ಚಿಕ್ಕವರಿಗೆ. ಯಾರು ಮೊದಲು ಮಾತಾಡುತ್ತಾರೆ ಎಂಬುದರ ಮೇಲೇ ಒಂದು ಅಧ್ಯಾಯ ಬರೆದವಳ ಸಾವಿನಲ್ಲೂ ಅದು ತಪ್ಪಲಿಲ್ಲ. ಆಮೇಲೆ ಮುಂದಿನ ಸಾಲಿನಿಂದ ತರ್ಕದ ಮೇಷ್ಟ್ರು ಎದ್ದರು. ಇಪ್ಪತ್ತು ವರ್ಷ ತಂಗಿಯ ಜೊತೆ ಪತ್ರಿಕೆಗಳಲ್ಲಿ ಜಗಳವಾಡಿದವರು.

"ನನ್ನದೊಂದು ಪ್ರಶ್ನೆ ಇದೆ."

"ಸಾರ್, ಇದು ಶ್ರದ್ಧಾಂಜಲಿ," ಎಂದರು ಮುಖ್ಯಸ್ಥೆ.

"ಗೊತ್ತಮ್ಮ. ಪ್ರಶ್ನೆ ಕೇಳದೆ ಅವರನ್ನ ಕಳಿಸಿದ್ರೆ ಅದು ಅವರಿಗೆ ಅವಮಾನ." ಮೇಷ್ಟ್ರ ದನಿಯಲ್ಲಿ ಕುಹಕವಿರಲಿಲ್ಲ, ಅದೇ ಕಷ್ಟ. "ನಾನು ಮೊದಲಿಂದ ಕೇಳ್ತಿರೋದು ಒಂದೇ. ಆ ಬಾಗಿಲಿನವನನ್ನ ಯಾರಾದ್ರೂ ಮಾತಾಡಿಸಿದ್ದೀರಾ? ಅದು ನಡೀತು ಅನ್ನೋದಕ್ಕೆ ಆಧಾರ ಏನು? ನಡೆದೇ ಇಲ್ಲದ ಒಂದು ಬಾಗಿಲ ಮೇಲೆ ಇಷ್ಟು ದೊಡ್ಡ ಮನೆ ಕಟ್ಟಿಬಿಟ್ವಾ ನಾವು?"

ಕೊನೆಯ ಸಾಲಿನಲ್ಲಿ ಟೊಪ್ಪಿ ಹಿಡಿದು ಕೂತಿದ್ದ ಮುದುಕ ಇನ್ನಷ್ಟು ಕುಗ್ಗಿದ. ಯಾರೂ ತಿರುಗಿ ನೋಡಲಿಲ್ಲ.

ಹುಡುಗಿ ತಟ್ಟನೆ ಎದ್ದಳು. "ನನ್ನನ್ನ ನಾಲ್ಕು ಬಾಗಿಲಿಂದ ಹಾಗೆ ಕಳಿಸಿದ್ದಾರೆ ಸಾರ್. ಯಾವ ಯಾವ ಬಾಗಿಲು ಅಂತ ಹೇಳ್ಲಾ? ಆಧಾರ ಬೇಕಾ ನಿಮಗೆ?"

"ಇವರದು ಸಾವಲ್ಲೂ ಇದೇ ಗೋಳು," ಎಂದಿತು ಮುಂದಿನ ಸಾಲಿನ ಇನ್ನೊಂದು ದನಿ, ಕೇಳಲಿ ಎಂಬಂತೆಯೇ ಮೆಲ್ಲಗೆ.

ಗುಜುಗುಜು ಎದ್ದಿತು. ಮುಖ್ಯಸ್ಥೆ ಅವಸರವಾಗಿ ಅಕ್ಕನನ್ನು ಕರೆದರು.

ಅಕ್ಕ ಹೋಗಿ ಪೆಟ್ಟಿಗೆಯ ಪಕ್ಕ ನಿಂತು ಪುಟ ಎತ್ತಿಕೊಂಡಳು. ಮೊದಲ ಪ್ಯಾರಾ ಇದ್ದಂತೆಯೇ ಓದಿದಳು, ಒಬ್ಬ ಹೆಂಗಸು ಕಾಲೇಜಿನ ಮುಂಬಾಗಿಲಿಗೆ ಬರುತ್ತಾಳೆ ಎಂಬಲ್ಲಿಯವರೆಗೆ. ಎರಡನೆಯ ಪ್ಯಾರಾಕ್ಕೆ ಕಣ್ಣು ಇಳಿಯಿತು. ಆ ಹೆಂಗಸನ್ನು ಬಾಗಿಲಿನವನು ತಡೆಯಲಿಲ್ಲ.

ಅವಳು ತಲೆ ಎತ್ತಿದಳು. ತರ್ಕದ ಮೇಷ್ಟ್ರು ಪೆನ್ನಿನ ಮುಚ್ಚಳ ತೆಗೆದಿದ್ದರು. ಅವರ ಪಕ್ಕದಲ್ಲಿ, ಗೋಳು ಎಂದವನು ಕಾಲ ಮೇಲೆ ಕಾಲು ಹಾಕಿಕೊಂಡಿದ್ದ. ಹುಡುಗಿ ಒದ್ದೆ ಮುಖ ಎತ್ತಿ, ಅನ್ನಕ್ಕೆ ಕಾದ ಮಗುವಿನ ಹಾಗೆ ನೋಡುತ್ತಿದ್ದಳು. ಈ ನಾಲ್ಕು ಸಾಲು ಓದಿದರೆ ಆ ಕಾಲು ಮೆಲ್ಲಗೆ ಅಲ್ಲಾಡುತ್ತದೆ, ನಾನು ಹೇಳಿರಲಿಲ್ವಾ ಎಂದು. ನಾಳೆ ಹೊತ್ತಿಗೆ ಊರೆಲ್ಲ ಗೊತ್ತಾಗುತ್ತದೆ. ತಂಗಿ ಸುಳ್ಳಿ. ಪುಸ್ತಕ ಮುಚ್ಚಿಡಿ. ಈ ಹುಡುಗಿ ಮತ್ತೆ ತಪ್ಪು ನನ್ನದೇ ಎಂದುಕೊಳ್ಳುತ್ತಾಳೆ. ತಂಗಿ ಎದ್ದು ಒಂದು ಮಾತು ಹೇಳಲಾರಳು, ತೋಳು ಮಡಿಸಿಕೊಂಡು ಮಲಗಿದ್ದಾಳೆ.

ಕೊನೆಯ ಸಾಲಿನಲ್ಲಿ ಮುದುಕ ಕಿವಿಯ ಹಿಂದೆ ಕೈ ಇಟ್ಟುಕೊಂಡು ಮುಂದಕ್ಕೆ ಬಾಗಿದ್ದ.

"ಬಾಗಿಲಿನವನು ಕದ ಮುಚ್ಚಿ," ಎಂದಳು ಅಕ್ಕ. ಕಣ್ಣು ಪುಟದ ಮೇಲೆಯೇ ಇತ್ತು. "ಹಿಂಬಾಗಿಲು ತೋರಿಸುತ್ತಾನೆ. ಅವಳು ಸದ್ದಿಲ್ಲದೆ ಹೋಗುತ್ತಾಳೆ. ಅವಳನ್ನು ತಡೆದದ್ದು ಅವಳ ಬಣ್ಣವೋ, ಅವಳ ನೀಲಿ ಕೋಟೋ, ಅವಳು ಹೆಣ್ಣೆಂಬುದೋ?"

ಬಾಯಿಪಾಠ ಎಲ್ಲೂ ತಡವರಿಸಲಿಲ್ಲ. ಕೊನೆಯ ಸಾಲಿನ ಕೈ ಕಿವಿಯಿಂದ ನಿಧಾನವಾಗಿ ಇಳಿಯಿತು. ಅಕ್ಕ ಅದನ್ನು ನೋಡಿದಳು, ನೋಡಿಯೂ ಮುಂದೆ ಹೇಳಿದಳು. ತನ್ನ ಮೇಲೆ ತನಗೇ ಹೇಸಿಗೆಯಾಯಿತು.

"ಅಷ್ಟೇ," ಎಂದು ಪುಟ ಮಡಿಸಿದಳು.

ಮುಖ್ಯಸ್ಥೆ ಹತ್ತಿರ ಬಂದರು. "ಅಷ್ಟೇನಾ? ಇದು ಹಳೇ ಪುಸ್ತಕದಲ್ಲೇ ಇದೆಯಲ್ಲ. ಉಳಿದ ಪುಟಗಳಲ್ಲಿ ಏನಾದ್ರೂ?"

"ಅಲ್ಲೂ ಅದೇ. ಜ್ವರದಲ್ಲಿ ಹಳೇದನ್ನೇ ಮತ್ತೆ ಮತ್ತೆ ಬರೆದಿದ್ದಾಳೆ. ಶುದ್ಧ ಪ್ರತಿ ಮಾಡೋ ಅಂಥದ್ದೇನಿಲ್ಲ."

"ಅಯ್ಯೋ ಪಾಪ," ಎಂದರು ಮುಖ್ಯಸ್ಥೆ. ತರ್ಕದ ಮೇಷ್ಟ್ರು ಪೆನ್ನಿಗೆ ಮುಚ್ಚಳ ಹಾಕಿದರು. "ಕೊನೇಲಿ ಏನಾದ್ರೂ ಹೊಸದು ಹೇಳ್ತಾರೆ ಅಂದ್ಕೊಂಡಿದ್ದೆ," ಎಂದು ಪಕ್ಕದವನಿಗೆ ಹೇಳಿದರು. ಅವರ ಕಣ್ಣು ನಿಜವಾಗಿಯೂ ತೇವವಾಗಿತ್ತು.

* * *

ಪೆಟ್ಟಿಗೆ ಹೊರಗೆ ಒಯ್ಯಲು ಮುಂಬಾಗಿಲಿನ ಎರಡೂ ಕದ ತೆಗೆಯಬೇಕಿತ್ತು. ಎರಡನೇ ಕದದ ಮೇಲಿನ ಚಿಲಕ ವರ್ಷಗಳಿಂದ ಬಿಗಿದುಕೊಂಡು, ಈಗಿನ ಕಾವಲುಗಾರನ ಕೈಗೆ ಬಗ್ಗಲಿಲ್ಲ. ಮುದುಕ ತಾನೇ ಮುಂದೆ ಬಂದು, ಟೊಪ್ಪಿ ತಲೆಗಿಟ್ಟು, ಅಂಗೈಯಿಂದ ಎರಡು ಏಟು ಹಾಕಿ ತೆಗೆದ. ಆಮೇಲೆ ಅಕ್ಕನ ಹತ್ತಿರ ಬಂದ.

"ಗೊತ್ತಾಗ್ಲಿಲ್ವಲ್ಲ ತಾಯಿ, ಅವಳು ಯಾರು ಅಂತ. ನೀವು ಓದಿದ್ದನ್ನ ಪೂರ್ತಿ ಕೇಳಿದೆ. ಸಾಯೋವಾಗ್ಲೂ ಅದನ್ನೇ ಬರೆದಿದ್ದಾರೆ ಅಂದಮೇಲೆ ನಾನೇ ಮಾಡಿರೋದು, ನಿಜ. ಸಾಯೋರು ಸುಳ್ಳು ಹೇಳಲ್ಲ."

ಅಕ್ಕ ಬಾಯಿ ತೆರೆದಳು. ಪೆಟ್ಟಿಗೆ ಹೊತ್ತವರು ಹಿಂದೆ ಬಂದು ನಿಂತಿದ್ದರು, ಹುಡುಗಿ ಅಕ್ಕನ ತೋಳು ಹಿಡಿದಿದ್ದಳು.

"ಆ ಹೆಂಗಸು ನನಗೆ ಗೊತ್ತು," ಎಂದಳು. "ಅವಳಿಗೆ ನಿಮ್ಮ ಮೇಲೆ ಕೋಪ ಇಲ್ಲ. ಯಾವತ್ತೂ ಇರಲಿಲ್ಲ."

"ಕ್ಷಮಿಸಿದ್ದಾಳಾ?"

"ಹೂಂ. ಕ್ಷಮಿಸಿದ್ದಾಳೆ."

ಮುದುಕ ಎರಡೂ ಕೈಯಿಂದ ಅವಳ ಕೈ ಹಿಡಿದು ಹಣೆಗೆ ಒತ್ತಿಕೊಂಡ. ಇಸ್ತ್ರಿಯ ಹಳೆಯ ಕಲೆಯ ಮೇಲೆ ಅವನ ಕಣ್ಣೀರು ಬಿಸಿಯಾಗಿ ಬಿತ್ತು. "ನಿಮ್ಮ ಹೊಟ್ಟೆ ತಣ್ಣಗಿರ್ಲಿ ತಾಯಿ," ಎಂದ. "ಇನ್ನು ನಾನು ನೆಮ್ಮದಿಯಾಗಿ ಸಾಯ್ತೀನಿ. ಮಗಳಿಗೂ ಹೇಳ್ತೀನಿ, ಹೌದಮ್ಮ ನಾನೇ, ಆದ್ರೆ ಕ್ಷಮೆ ಸಿಕ್ತು ಅಂತ."

ಅವನು ಬಾಗಿಲಿಗೆ ಹೋಗಿ ಹಿತ್ತಾಳೆ ಹಿಡಿಗೆ ಎಡಗೈ ಹಾಕಿ, ಕದ ಎಳೆದು, ಪಕ್ಕಕ್ಕೆ ಸರಿದು ನಿಂತ. ತಂಗಿಯ ಪೆಟ್ಟಿಗೆ ಅವನ ಮುಂದಿನಿಂದ ಬಿಸಿಲಿಗೆ ಹೋಯಿತು. ಹಿಂದೆ ಮುಖ್ಯಸ್ಥೆ, ಮೇಷ್ಟ್ರುಗಳು, ಹುದ್ದೆಯ ಪ್ರಕಾರ. "ನೀನು ನಡಿಯಮ್ಮ, ಬಂದೆ," ಎಂದು ಅಕ್ಕ ಹುಡುಗಿಯ ಕೈ ಬಿಡಿಸಿಕೊಂಡಳು.

ಎಲ್ಲರೂ ಹೋದಮೇಲೆ ಅವನು ಒಳಗಿನ ನೆರಳಿನತ್ತ ತಿರುಗಿ, "ಬನ್ನಿ ತಾಯಿ," ಎಂದ.

ಅಕ್ಕ ಆಗಲೇ ಬಕೆಟ್ಟು ಪೊರಕೆಗಳ ಪಕ್ಕದಿಂದ ಹಿಂಬಾಗಿಲು ದಾಟಿದ್ದಳು. ಗೋಡೆ ಬಳಸಿ ಅವಳು ವಾಹನದ ಹತ್ತಿರ ಬಂದಾಗಲೂ ಮುದುಕ ಬಾಗಿಲಲ್ಲೇ ಇದ್ದ. ಹೊರಗಿನವರ ಕಡೆ ಬೆನ್ನು ಹಾಕಿ, ಕದವನ್ನು ಪೂರ್ತಿ ತೆರೆದು ಹಿಡಿದು, ಖಾಲಿ ಸಭಾಂಗಣದೊಳಕ್ಕೆ ತಲೆ ಬಾಗಿಸಿ ಕಾಯುತ್ತಿದ್ದ.